ಗುಡ್ಡದ ಮೇಲಿನ ಜಳಕ

ನವಲಗುಂದದ ಎರೆಭೂಮಿಯಲ್ಲಿ ಬೆಳೆದ ನಮಗೆ ಗುಡ್ಡವೆಂದರೆ ಮೇಲೊಬ್ಬ ದೇವರು. ದೇವರಿದ್ದಲ್ಲಿ ನಲ್ಲಿ, ನಲ್ಲಿ ಇದ್ದಲ್ಲಿ ಬಿಸಿನೀರು ಮಾರುವವನು. ಊರ ಬಾಜುವಿನ ಗುಡ್ಡವಿರಲಿ, ಎಲ್ಲಮ್ಮನ ಗುಡ್ಡವಿರಲಿ, ಶ್ರೀಶೈಲವಿರಲಿ, ಹತ್ತಿದವರಿಗೆ ಜಳಕ ತಪ್ಪಿದ್ದನ್ನು ನಾನು ಕಂಡಿಲ್ಲ. ಹಿಮಾಚಲದ ಎತ್ತರದ ಘಾಟಿಯೊಂದಕ್ಕೆ ಹೊರಟ ಮುಂಜಾನೆ ನನ್ನ ಅಕ್ಕ ಜಳಕ, ಲಿಂಗಪೂಜೆ ಎರಡನ್ನೂ ಮೇಲೆ ಹೋಗಿಯೇ ಮಾಡಿದರಾಯಿತೆಂದು ಇಟ್ಟುಕೊಂಡದ್ದು ಈ ನಂಬಿಕೆಯಿಂದಲೇ. ನಾನೂ ಹೂಂ ಅಂದೆ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಟಿವಿಯಲ್ಲಿ ಹಿಮ ಕಂಡಾಗಲೆಲ್ಲ, ಅದನ್ನೊಮ್ಮೆ ಕೈಯಲ್ಲಿ ಹಿಡಿಯಬೇಕು ಅನ್ನುತ್ತಿದ್ದಳು. ಶಾಲೆಗೆ ಬೇಸಿಗೆ ರಜೆ ಬಿದ್ದದ್ದೇ ಅವಳನ್ನು ಕರೆದುಕೊಂಡು ಹೊರಟೆ. ದೂರದ ಗುಡ್ಡ ಕಣ್ಣಿಗೆ ನುಣ್ಣಗೆ ಎಂದು ನನ್ನ ಹೆಂಡತಿ ಬರಲೇ ಇಲ್ಲ. ಮೊದಲ ಕೆಲವು ದಿನ ಎಲ್ಲ ಚೆಂದವಿತ್ತು. ಬೆಟ್ಟದ ಊರುಗಳಲ್ಲಿ ಉಳಿದು, ದೇವದಾರು ಮರಗಳ ನಡುವಿನ ಕಾಲುದಾರಿಯಲ್ಲಿ ನಡೆದೆವು. ಹೊಲದಲ್ಲಿ ಪಳಗಿದ ಕಾಲು ಅವಳದು. ಮಾಸ್ತರಿಕೆಯ ಕಾಲು ನನ್ನದು. ಏದುಸಿರು ಬಿಡುತ್ತ ಕೂತರೆ ನಗುತ್ತಿದ್ದಳು. ದಿನವೂ ಎದ್ದ ಕೂಡಲೇ ಜಳಕ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ, ಅದಾದ ಮೇಲೆಯೇ ಬಾಯಿಗೆ ನೀರು. ಚಿಕ್ಕಂದಿನಿಂದ ಇದು ತಪ್ಪಿದ್ದಿಲ್ಲ.

ಆ ದಿನ ಮಾತ್ರ ಬೆಳಕು ಹರಿಯುವ ಮೊದಲೇ ಹೊರಡಬೇಕೆಂದು ಬಾಡಿಗೆ ಗಾಡಿಯ ಡ್ರೈವರ್ ಅವಸರ ಮಾಡಿದ. ಬಿಸಿಲು ಬೀಳುವಷ್ಟರಲ್ಲಿ ಮೇಲಿರುತ್ತೇವೆ ಅಂದಿದ್ದ. ಬಿಸಿಲು ಬಿದ್ದಾಗ ನಾವು ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದಿದ್ದೆವು. ಹಿಂದೆ ಗಾಡಿ, ಮುಂದೆ ಗಾಡಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ತಿರುವುಗಳಲ್ಲಿ ಅಕ್ಕನಿಗೆ ವಾಂತಿಯಾಯಿತು. ಬಾಯಿ ಮುಕ್ಕಳಿಸಿ ಉಗುಳಿದಳು, ಒಂದು ಹನಿಯನ್ನೂ ನುಂಗಲಿಲ್ಲ. ವಾಂತಿಯಾದ ಮೈಯಲ್ಲಿ ಜಳಕವಿಲ್ಲದೆ ಲಿಂಗ ಮುಟ್ಟುವಂತಿಲ್ಲ, ಪೂಜೆಯಾಗದೆ ನೀರಿಲ್ಲ. ಹೊತ್ತು ಏರಿದಂತೆ ಅವಳ ತುಟಿ ನೀಲಿಗಟ್ಟಿತು, ಉಸಿರು ಗಿಡ್ಡವಾಯಿತು. ನೀರು ಕುಡಿಸದಿದ್ದರೆ ಈ ಎತ್ತರದಲ್ಲಿ ಜೀವಕ್ಕೇ ಅಪಾಯ ಎಂದು ಡ್ರೈವರ್ ಗದರಿದ.

"ಒಂದ ಗುಟುಕರೆ ಕುಡಿಬೇ ಯಕ್ಕಾ," ಎಂದೆ. "ದೇವರಿಗೆ ತಿಳಿಯಂಗಿಲ್ಲೇನು?"

"ದೇವರಿಗೆ ತಿಳೀತೈತಿ. ನನ್ನ ಗಂಟಲದಾಗ ಇಳಿಯಂಗಿಲ್ಲ. ಮ್ಯಾಲ ಹೋದಿಂದ ಕುಡೀತೀನಿ ಬಿಡೋ."

ಸಿಟ್ಟು ನೆತ್ತಿಗೇರಿತು. ಬೈದೆ, ಬೇಡಿಕೊಂಡೆ, ಕಲ್ಲಿಗೆ ಹೇಳಿದಂತಾಯಿತು. ಫೋನಿಗೆ ನೆಟ್‌ವರ್ಕ್ ಇಲ್ಲ, ಗಾಡಿ ತಿರುಗಿಸಲು ಜಾಗವಿಲ್ಲ. ಇಳಿದು, ಡಾಕ್ಟರ್ ಯಾರಾದರೂ ಇದ್ದಾರೇನು ಎಂದು ನನ್ನ ಹುಬ್ಬಳ್ಳಿ ಹಿಂದಿಯಲ್ಲಿ ಗಾಡಿಯಿಂದ ಗಾಡಿಗೆ ಕೇಳುತ್ತ ಹೋದೆ. ಎಲ್ಲರೂ ಮರುಗಿ ನೀರಿನ ಬಾಟಲಿಯನ್ನೇ ಕೊಟ್ಟರು. ತೊಡೆಯ ಮೇಲೆ ಬಾಟಲಿಗಳ ರಾಶಿ, ಬಾಜುವಿನಲ್ಲಿ ಬಾಯಾರಿದ ಅಕ್ಕ. ನನಗೆ ಅಳು ಬಂತು. ಆ ನೀರನ್ನು ನಾನೂ ಕುಡಿಯಲಾರದೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಘಾಟಿಯ ನೆತ್ತಿ ಮುಟ್ಟಿದೆವು. ಗುಡಿ ಇರಲಿಲ್ಲ, ಮನೆ ಇರಲಿಲ್ಲ, ನಲ್ಲಿ ಇರಲಿಲ್ಲ. ಬಾಡಿಗೆ ಕೋಟು ತೊಟ್ಟು ಫೋಟೋ ತೆಗೆಸಿಕೊಳ್ಳುವ ಜನ, ಗಾಳಿ, ಕಣ್ಣು ಕುಕ್ಕುವ ಹಿಮ, ಅಷ್ಟೇ. ಅಕ್ಕನಿಗೆ ಇಳಿಯುವ ತ್ರಾಣವಿರಲಿಲ್ಲ. ಒಂದು ಹಿಡಿ ಹಿಮ ತಂದು ಅವಳ ಅಂಗೈಯಲ್ಲಿಟ್ಟೆ. ಅದನ್ನವಳು ನೋಡಲೂ ಇಲ್ಲ. ಗುಡಿ ಎಲ್ಲಿದೆ ಎಂದು ಕಿಟಕಿಯಲ್ಲಿ ಹುಡುಕುತ್ತಿದ್ದಳು. ಹಿಮ ಕರಗಿ ಬೆರಳ ಸಂದಿಯಿಂದ ಸೀರೆಯ ಮೇಲೆ ಸೋರಿಹೋಯಿತು.

ಘಾಟಿಯ ಆಚೆ ಇಳಿದಾಗ ಸಿಕ್ಕ ಮೊದಲ ಮನೆಯ ಹೆಂಗಸು ಏನೂ ಕೇಳದೆ ನೀರು ಕಾಯಿಸಿಕೊಟ್ಟಳು. ಅಕ್ಕ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ಜಳಕ ಮುಗಿಸಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಗೆ ತೆಗೆದುಕೊಂಡಳು. ಕೈ ಗಡಗಡ ನಡುಗುತ್ತಿತ್ತು. ಲಿಂಗ ಇನ್ನೇನು ಬಿದ್ದೇಹೋಯಿತು ಅನ್ನಿಸಿ, ಕೆಳಗಿನಿಂದ ಆಸರೆ ಕೊಡಲು ನನ್ನ ಕೈ ಚಾಚಿದೆ.

"ಮುಟ್ಟಬ್ಯಾಡೋ ತಮ್ಮಾ," ಎಂದಳು. "ನಿಂದು ಜಳಕ ಆಗಿಲ್ಲ."

ನೀರಿನ ಲೋಟ ಹಿಡಿದು ನಿಂತೆ. ಮುಂಜಾನೆಯಿಂದ ನಾನು ಮಾಡಿದ್ದೂ ಅಷ್ಟೇ. ಪೂಜೆ ಮುಗಿಸಿ ಲೋಟವನ್ನು ಒಂದೇ ಉಸಿರಿಗೆ ಬರಿದು ಮಾಡಿದಳು. ನಾವು ಇಳಿದು ಬಂದ ಗುಡ್ಡದ ಕಡೆ ತಿರುಗಿ ನೋಡಿದಳು.

"ಅಷ್ಟ್ ದೊಡ್ಡ ಗುಡ್ಡ," ಎಂದಳು. "ಮ್ಯಾಲ ಯಾರೂ ಇರಲಿಲ್ಲ ನೋಡೋ."

ಇನ್ನೊಂದು ಲೋಟ ನೀರು ತಂದುಕೊಟ್ಟೆ.