ಕೊಡ ಹಿಡಿದು ಕೂತವರ ಮೇಲೆ ಅಶ್ರುವಾಯು

ಎಪ್ಪತ್ತರ ದಶಕದ ಒಂದು ಬೇಸಿಗೆ. ನಾನು ಆಗಷ್ಟೇ ಕಾನೂನು ಓದಿ ಬಂದು ಬಸವಕಲ್ಯಾಣದಲ್ಲಿ ವಕೀಲಿ ಶುರು ಮಾಡಿದ್ದೆ. ಕಕ್ಷಿದಾರರು ಇರಲಿಲ್ಲ, ಕರಿ ಕೋಟು ಇತ್ತು. ಕಾಯಿಪಲ್ಲೆ ತರಲು ಹೋಗುವಾಗಲೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದೆ.

ಆ ವರ್ಷ ನಮ್ಮ ಓಣಿಯ ನಳದಲ್ಲಿ ವಾರಗಟ್ಟಲೆ ನೀರು ಬರಲಿಲ್ಲ. ಅರ್ಜಿ ಕೊಟ್ಟು ಬೇಸತ್ತ ಹೆಂಗಸರು ತಹಸೀಲ್ ಕಚೇರಿಯ ಮುಂದೆ ಖಾಲಿ ಕೊಡ ಇಟ್ಟುಕೊಂಡು ರಸ್ತೆಯಲ್ಲೇ ಕೂರುವುದೆಂದು ತೀರ್ಮಾನಿಸಿದರು. ಅವರಲ್ಲಿ ನನ್ನ ಹೆಂಡತಿಯೂ ಇದ್ದಳು. ಪಕ್ಕದ ಮನೆಯ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಉಬ್ಬಸದ ಮುದುಕಿಯೂ ಇದ್ದರು. ಹಿಂದಿನ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಮಾತುಕತೆ. ನನ್ನನ್ನು ಯಾರೂ ಕೇಳಿರಲಿಲ್ಲ, ಆದರೂ ಎದ್ದು ನಿಂತೆ.

"ಯಾರೂ ಹೆದರಬ್ಯಾಡ್ರಿ. ಮೊದಲ ತಹಸೀಲ್ದಾರ್ರು ಎದ್ದು ಹೋಗ್ರಿ ಅಂತ ಎಲ್ಲಾರಿಗೂ ಕೇಳಿಸೋಹಂಗ ಹೇಳಬೇಕು. ಏಳಾಕ ಟೈಮ್ ಕೊಡಬೇಕು. ಆಮ್ಯಾಲೂ ಎಷ್ಟು ಬೇಕೋ ಅಷ್ಟ ಬಲ. ಹಂಗಂತ ಕಾಯ್ದೆ ಅದ."

ಕಾಕು ಕೇಳಿದರು, "ಇದು ಅವರಿಗೂ ಗೊತ್ತದನೋ, ನಿನಗಷ್ಟ ಗೊತ್ತದನೋ?"

ಎಲ್ಲರೂ ನಕ್ಕರು. ಅಜ್ಞಾನಿಗಳನ್ನು ಕ್ಷಮಿಸುವವನಂತೆ ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಹೆಂಗಸರು ಕೂತರು. ಎರಡೂ ಕಡೆ ಬಸ್ಸುಗಳು ನಿಂತವು. ನಾನು ಎದುರಿನ ಬೇವಿನ ಮರದ ನೆರಳಲ್ಲಿ, ಕಂಕುಳಲ್ಲಿ ಕಾನೂನು ಪುಸ್ತಕ ಇಟ್ಟುಕೊಂಡು, ನನಗೆ ನಾನೇ ಕೊಟ್ಟುಕೊಂಡ ಸಲಹೆಗಾರನ ಹುದ್ದೆಯಲ್ಲಿ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ವ್ಯಾನು ಬಂತು. ತಹಸೀಲ್ದಾರರು ಜೀಪಿನ ಮೇಲೆ ನಿಂತು ಧ್ವನಿವರ್ಧಕ ಹಿಡಿದರು. ಅದು ಒಮ್ಮೆ ಕರ್ ಎಂದು ಸುಮ್ಮನಾಯಿತು. ಅವರು ಮಾತ್ರ ಮಾತಾಡುತ್ತಲೇ ಇದ್ದರು. ಯಂತ್ರ ಸರಿ ಮಾಡುತ್ತಿದ್ದಾರೆಂದುಕೊಂಡು ಹೆಂಗಸರು ನಗುತ್ತಾ ಕೂತರು.

ಅಷ್ಟರಲ್ಲಿ ಧಡ್ ಎಂದು ಏನೋ ಬಿದ್ದು ಬಿಳಿ ಹೊಗೆ ಎದ್ದಿತು. ಕಣ್ಣಿಗೆ ಹಸಿಮೆಣಸಿನಕಾಯಿ ತಿಕ್ಕಿದಂತಾಯಿತು, ಗಂಟಲು ಕಟ್ಟಿತು. ಪುಸ್ತಕ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಕೋಟನ್ನು ಮುಖಕ್ಕೆ ಸುತ್ತಿಕೊಂಡು ಓಡಿದವನು ಯಾರಿಗೋ ಡಿಕ್ಕಿ ಹೊಡೆದೆ. ಬೀಳದಂತೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಕೈಗೆ ಸಿಕ್ಕ ಬೆಲ್ಟಿನಿಂದ ಅವನು ಕಾನ್ಸ್‌ಟೇಬಲ್ ಎಂದು ಗೊತ್ತಾಯಿತು. ಗಾಳಿ ತಿರುಗಿ ಹೊಗೆ ಪೊಲೀಸರ ಕಡೆಗೂ ಹೋಗಿತ್ತು.

"ಯಾರ ಹುಕುಂ ಮ್ಯಾಲ ಹೊಡದ್ರಿ?" ಎಂದು ಕಣ್ಣು ಮುಚ್ಚಿಕೊಂಡೇ ಪಾಟೀಸವಾಲು ಮಾಡಿದೆ.

"ಸಾಹೇಬ್ರ, ಮೊದಲ ನೀರು ಎಲ್ಲಿ ಅದ ಹೇಳ್ರಿ," ಎಂದು ಅವನು ಕೆಮ್ಮಿದ.

ಅಷ್ಟು ಕೊಡಗಳಿದ್ದರೂ ಒಂದರಲ್ಲೂ ಹನಿ ನೀರಿರಲಿಲ್ಲ. ಇದ್ದದ್ದು ಕಚೇರಿಯ ಅಂಗಳದ ಟಾಕಿಯಲ್ಲಿ ಮಾತ್ರ. ತಡವರಿಸುತ್ತಾ ಅಲ್ಲಿಗೆ ಹೋದರೆ ನನ್ನ ಹೆಂಡತಿ ಆಗಲೇ ಕೊಡ ತುಂಬಿಕೊಂಡು ಒಬ್ಬೊಬ್ಬರ ಕಣ್ಣಿಗೆ ನೀರು ಹಾಕುತ್ತಿದ್ದಳು. ಕಾನ್ಸ್‌ಟೇಬಲ್‌ಗೂ ಹಾಕಿದಳು. ಕೊನೆಗೆ ನನಗೆ.

"ಆ ಕೋಟು ತಗೀರಿ. ಹೊಗಿ ಎಲ್ಲಾ ಅದರಾಗ ತುಂಬ್ಯದ."

ಕಾಕು ವರಾಂಡದಲ್ಲಿ ಮಲಗಿದ್ದರು. ಉಸಿರು ಸಿಳ್ಳೆಯಂತೆ ಬರುತ್ತಿತ್ತು, ತುಟಿ ಕಪ್ಪಾಗಿತ್ತು. ಅದೇ ಕಾನ್ಸ್‌ಟೇಬಲ್ ಅವರನ್ನು ಎತ್ತಿ ಜೀಪಿನಲ್ಲಿ ಕೂರಿಸಿ ದವಾಖಾನೆಗೆ ಕರೆದೊಯ್ದ. ಜೀವ ಉಳಿಯಿತು. ಆದರೆ ಬಹಳ ದಿನ ಅವರಿಗೆ ಮಲಗಲಾಗಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಆ ಕೆಮ್ಮು ನಮ್ಮ ಮನೆಗೆ ಕೇಳಿಸುತ್ತಿತ್ತು. ಅದನ್ನು ಕೇಳಲಾರದೆ ನಾನು ಮೇಲಧಿಕಾರಿಗಳಿಗೆ ದೂರು ಬರೆದು ಕಳಿಸಿದೆ.

ವಿಚಾರಣೆಗೆ ಬಂದ ಅಧಿಕಾರಿ ಹುಮನಾಬಾದಿನ ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡಿದ್ದರು. ಕಾಕು, ನನ್ನ ಹೆಂಡತಿ, ನಾನು ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ನನ್ನ ವಾದವನ್ನು ಗೊಣಗುತ್ತಿದ್ದೆ. ರಾಜೇಶ್ವರದಲ್ಲಿ ಹತ್ತಿದ ಒಬ್ಬರು ಅದನ್ನು ಜಪವೆಂದುಕೊಂಡು ಭಕ್ತಿಯಿಂದ ಕೇಳಿದರು, "ಮಾಣಿಕನಗರದ ಗುಡಿಗೆ ಹರಕಿ ಅದೇನ್ರಿ?" ಹೌದೆಂದುಬಿಟ್ಟೆ.

ಅಧಿಕಾರಿಯ ಮುಂದೆ ನನ್ನ ಪೀಠಿಕೆಯೇ ಮುಗಿಯಲಿಲ್ಲ. ಅವರು ನಡುವೆ ತಡೆದು ಕೇಳಿದರು, "ಹೊಗೆ ಬಂದ ಮೇಲೆ ನೀವು ಕಣ್ಣಾರೆ ಏನು ಕಂಡಿರಿ?"

"ಏನೂ ಇಲ್ಲ ಸರ್. ಕಣ್ಣು ಮುಚ್ಚಿದ್ದೆ."

ಗುಮಾಸ್ತ ಅದನ್ನು ನಿಷ್ಠೆಯಿಂದ ಬರೆದುಕೊಂಡ. ಆಮೇಲೆ ಕಾಕು ಹೇಳಿದರು, "ತಹಸೀಲ್ದಾರ್ ಸಾಹೇಬ್ರ ಬಾಯಿ ಆಡಾಕತ್ತಿತ್ರಿ, ಮಾತು ಕೇಳಿಸಲಿಲ್ಲ. ನಾವು ಕೊಡ ಹಿಡಕೊಂಡು ಕುಂತಿದ್ದಿವ್ರಿ, ಕಲ್ಲು ಹಿಡಕೊಂಡಲ್ಲ." ಅದನ್ನು ಅಧಿಕಾರಿ ತಾವೇ ಬರೆದುಕೊಂಡರು.

ಕೆಲವು ತಿಂಗಳ ನಂತರ ತೀರ್ಮಾನ ಬಂತು. ರಸ್ತೆ ತಡೆದಿದ್ದರಿಂದ ಅಶ್ರುವಾಯು ಬಳಸಿದ್ದು ತಪ್ಪಲ್ಲ. ಆದರೆ ಇನ್ನು ಮುಂದೆ ಎಚ್ಚರಿಕೆ ಎಲ್ಲರಿಗೂ ಕೇಳಿಸುವಂತಿರಬೇಕು. ಕೊನೆಯ ಸಾಲನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ. "ನೋಡು, ಗೆದ್ದಿವಿ!"

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಂದ್ರ ಮುಂದಿನ ಸಲ ಕಾಕೂಗ ಕೇಳಿಸೋಹಂಗ ಹೇಳಿ ಹೊಗಿ ಹಾಕ್ತಾರ. ಅಷ್ಟ ಅಲ್ಲೇನ್ರಿ?"

ಯಾವಾಗ ಹಾಕಬಹುದು ಎಂಬುದನ್ನು ನಾನು ಓದಿದ್ದೆ. ನೀರು ಕೇಳಲು ಬಂದ ಉಬ್ಬಸದ ಮುದುಕಿಯ ಮೇಲೆ ಹಾಕುವುದು ಸರಿಯೇ ಎಂದು ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದದ್ದು ಒಂದೇ: "ಅಪೀಲ್ ಮಾಡೂಣು."

"ಮೊದಲ ಉಣ್ರಿ," ಎಂದಳು.

ಅಪೀಲು ಹಾಕಿದೆ, ವಜಾ ಆಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ಓಣಿಗೆ ಹೊಸ ಪೈಪು ಬಂತು. ಯಾರಿಂದ ಬಂತೆಂದು ಯಾರೂ ಹೇಳಲಿಲ್ಲವಾದ್ದರಿಂದ, ನನ್ನಿಂದಲೇ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.