ಹೆಣೆಯುತ್ತಾ ಕಾಯುವ ಲೇಲೊ

ಲೇಲೊ ತಾಮ್ಮಿಕ್ ತಾರ್ತು ನಗರದ ಮಾರುಕಟ್ಟೆಯ ನನ್ನ ಉಣ್ಣೆ ಅಂಗಡಿಗೆ ಮೊದಲ ಸಲ ಬಂದಾಗ, ಸುಲಭದ ಗಿರಾಕಿ ಎಂದು ತೂಗಿದೆ. ಐವತ್ತರ ಆಸುಪಾಸು, ಬೂದು ಕೋಟು, ಗಟ್ಟಿ ಬೂಟು. ಕುರಿಯ ತುಪ್ಪಟದ ಒಂದು ಗಂಟನ್ನು ಮೂಸಿ, ಬಿಚ್ಚಿ ನೋಡದೆಯೇ ಕೊಂಡಳು. ಆಮೇಲೆ ಗೊತ್ತಾಯಿತು, ಅವಳು ಬಂದದ್ದು ನನ್ನನ್ನು ಕೊಳ್ಳಲು.

ಕುರಿ ಸಾಕುವವರಿಗೂ ನೂಲುವವರಿಗೂ ಉಣ್ಣೆ ವಿಂಗಡಿಸುವುದನ್ನು ಆನ್‌ಲೈನಿನಲ್ಲಿ ಕಲಿಸಬೇಕೆಂದು ಅವಳು ಕೆಲಸ ಮಾಡುವ ವಿಶ್ವವಿದ್ಯಾಲಯದವರು ಹೊರಟಿದ್ದರು. ಕಲಿಸಲು ನಾನು ಬೇಕಿತ್ತು. ಎಂಟನೇ ತರಗತಿಗೆ ಶಾಲೆ ಬಿಟ್ಟವನ ಹೆಸರು ಅಧ್ಯಾಪಕರ ಪಟ್ಟಿಯಲ್ಲಿ. ನನ್ನ ಹೆಂಡತಿ ಸಂಜೆಯೊಳಗೆ ಇಡೀ ಮಾರುಕಟ್ಟೆಗೆ ಹೇಳಿಬಿಟ್ಟಿದ್ದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಲೇಲೊಳಂಥವರು ಅಲ್ಲಿ ಪ್ರತಿ ವಿಭಾಗಕ್ಕೂ ಒಬ್ಬರಿದ್ದಾರೆ. ಪಾಠ ಮಾಡುವುದು ಅವರ ಕೆಲಸವಲ್ಲ. ಪಾಠ ಮಾಡುವವರು ಕಂಪ್ಯೂಟರ್ ಪರದೆಯ ಮುಂದೆ ಕಂಗಾಲಾಗದಂತೆ ನೋಡಿಕೊಳ್ಳುವುದು. ಲೇಲೊ ಅದನ್ನು ಹೆಣೆಯುತ್ತಾ ಮಾಡುತ್ತಿದ್ದಳು.

“ಈ ಬಟನ್ ನೀವೇ ಒಂದ್ಸಲ ಒತ್ತಿಬಿಡಿ ಲೇಲೊ. ನನ್ ಬೆರಳು ಕುರಿ ಹಿಡಿಯೋಕೆ ಸರಿ, ಇದಕ್ಕಲ್ಲ,” ಎಂದೆ.

“ನನ್ ಕೈ ಖಾಲಿ ಇಲ್ಲ, ಕಾಲ್ಯೊ ಅವ್ರೇ. ಖಾಲಿ ಇದ್ರೆ ನಾನೇ ಒತ್ತಿಬಿಡ್ತೀನಿ. ಆಮೇಲೆ ನೀವು ವರ್ಷವಿಡೀ ನನ್ನೇ ಕರೀತೀರಿ. ಪ್ರೊಫೆಸರುಗಳೂ ಹಾಗೇ.”

ನನ್ನ ಮೊದಲ ಪಾಠ ಪರದೆಗೆ ಏರುವಷ್ಟರಲ್ಲಿ ಅವಳ ಒಂದು ಜೋಡಿ ಕೈಗವಸು ಮುಗಿದಿತ್ತು. ಎಂಟು ಪಾಠಕ್ಕೆ ಒಂದು ಸ್ವೆಟರು. ನೂಲು ನನ್ನ ಅಂಗಡಿಯದೇ ಆದ್ದರಿಂದ ನಾನು ಅವಸರ ಮಾಡಲಿಲ್ಲ.

ಕೋರ್ಸು ತೆರೆಯುವ ಮುಂಚೆ ಹೊರಗಿನವರೊಬ್ಬರು ಅದನ್ನು ಮೊದಲಿಂದ ಕೊನೆವರೆಗೆ ಕಲಿತು ತೋರಿಸಬೇಕು. ಪಕ್ಕದಲ್ಲಿ ಕೂತ ಯಾರೂ ಹೇಳಿಕೊಡುವಂತಿಲ್ಲ. ಅವರು ಎಡವಿದರೆ ಸೆಪ್ಟೆಂಬರಿಗೆ ಕೋರ್ಸಿಲ್ಲ. ಲೇಲೊ ಸಾರೆಮಾ ದ್ವೀಪದಿಂದ ಹಿಲ್ಯಾಳನ್ನು ಕರೆಸಿದಳು. ಮೂವತ್ತು ಕುರಿಗಳ ಒಡತಿ, ನನಗಿಂತ ಹಿರಿಯಳು. ಹಿಲ್ಯಾ ಎಂಟೂ ಪಾಠ ನೋಡಿ, ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಿದಳು. ನಾನು ಕುರ್ಚಿಗೆ ಒರಗಿದೆ.

ಆಗ ಲೇಲೊ ಚೀಲದಿಂದ ಒಂದು ತುಪ್ಪಟದ ಗಂಟು ತೆಗೆದು ಮೇಜಿನ ಮೇಲಿಟ್ಟಳು. ಅಂದು ನನ್ನಲ್ಲಿ ಕೊಂಡದ್ದು.

“ಇದು ಯಾವ ದರ್ಜೆ, ಹಿಲ್ಯಾ?”

ಹಿಲ್ಯಾ ಮುಟ್ಟಿ, ಎಳೆದು ನೋಡಿ, “ಮೊದಲ್ನೇ ದರ್ಜೆ” ಎಂದಳು.

ಲೇಲೊ ಗಂಟು ಬಿಚ್ಚಿದಳು. ಭುಜದ ಮೆತ್ತನೆಯ ಉಣ್ಣೆ ಹೊರಗೆ; ತೊಡೆಯ ಒರಟು ಉಣ್ಣೆ, ಹಿಕ್ಕೆ ಸಮೇತ, ಒಳಗೆ. ನಾವು ವ್ಯಾಪಾರಿಗಳು ಕಟ್ಟುವುದೇ ಹಾಗೆ.

“ಬಿಚ್ಚಿ ನೋಡು ಅಂತ ಎಲ್ಲೂ ಹೇಳಿಲ್ವಲ್ಲೋ ನೀನು,” ಎಂದಳು ಹಿಲ್ಯಾ.

“ಎಂಟು ಪಾಠದಲ್ಲೂ ಕೆಟ್ಟ ಉಣ್ಣೆ ಒಂದೆಳೆ ಇಲ್ಲ,” ಲೇಲೊ ನನ್ನ ಕಡೆ ತಿರುಗಿದಳು. “ಇದು ಪಾಠಾನೋ, ಅಂಗಡಿ ಜಾಹೀರಾತೋ?”

“ಅದನ್ನ ಹೇಳಿಕೊಟ್ರೆ ನಾಳೆ ನನ್ ಗಿರಾಕಿಗಳೆಲ್ಲ ಗಂಟು ಬಿಚ್ತಾರೆ.”

“ಬಿಚ್ಲಿ. ಹೇಳದಿದ್ರೆ ಕೋರ್ಸ್ ತೆರೆಯಲ್ಲ.”

ಅಷ್ಟು ಹೇಳಿ ಮತ್ತೆ ಹೆಣಿಗೆ ಎತ್ತಿಕೊಂಡಳು. ಬುದ್ಧಿ ಹೇಳಿದ್ದರೆ ವಾದ ಮಾಡುತ್ತಿದ್ದೆ. ಅದು ನನಗೆ ಬರುತ್ತದೆ. ಹೆಣೆಯುತ್ತಾ ಕಾಯುವವಳ ಜೊತೆ ಚೌಕಾಸಿ ಮಾಡುವುದು ಹೇಗೆ? ಅವಳು ಹೆಣೆಯುತ್ತಿದ್ದ ಕಾಲುಚೀಲ ಹಿಮ್ಮಡಿಯವರೆಗೆ ಬರುವ ಹೊತ್ತಿಗೆ ನಾನು ಕ್ಯಾಮೆರಾ ಕೇಳಿದೆ. ಒಂಬತ್ತನೇ ಪಾಠದಲ್ಲಿ ನನ್ನದೇ ಗಂಟು ಬಿಚ್ಚಿ, ಎಲ್ಲಿ ಬೆರಳಿಟ್ಟರೆ ಸಿಕ್ಕಿಬೀಳುತ್ತೇನೆಂದು ತೋರಿಸಿದೆ. ಒರಟುತನ ಪರದೆಯಲ್ಲಿ ತಿಳಿಯದು ಎಂದು ಲೇಲೊ ಹೇಳಿದ್ದಕ್ಕೆ, ಒಳ್ಳೆಯದೂ ಕೆಟ್ಟದ್ದೂ ಬೆರೆಸಿದ ಪುಟ್ಟ ಪೊಟ್ಟಣಗಳನ್ನು ಕಲಿಯುವವರ ಊರಿನಲ್ಲಿ ಪಾರ್ಸೆಲ್ ಪಡೆಯಲು ಇಟ್ಟಿರುವ ಪೆಟ್ಟಿಗೆಗಳಿಗೆ ಕಳಿಸಿದೆವು. ಹಿಲ್ಯಾ ತನ್ನ ಪೊಟ್ಟಣ ಬಿಚ್ಚಿ, ಕೆಟ್ಟದ್ದನ್ನೆಲ್ಲ ಹೆಕ್ಕಿ ನನಗೇ ವಾಪಸು ಕಳಿಸಿದಳು. ಸೆಪ್ಟೆಂಬರಿನಲ್ಲಿ ಕೋರ್ಸು ತೆರೆಯಿತು.

ಈಗ ನನ್ನ ಅಂಗಡಿಗೆ ಬರುವವರು ಗಂಟು ಬಿಚ್ಚದೆ ಕೊಳ್ಳುವುದಿಲ್ಲ. ನಾನೂ ಬಿಚ್ಚಿಯೇ ಇಡುತ್ತೇನೆ. ನಲವತ್ತು ವರ್ಷ ಉಣ್ಣೆ ಮಾರಿದೆ. ಉಣ್ಣೆಯ ಪಾಠ ಹೇಳುವುದು ನನಗೆ ಬಂದದ್ದು ಲೇಲೊಳಿಂದ.