ಬೀರುವಿನಲ್ಲಿದ್ದ ಒರಿಜಿನಲ್ಲುಗಳು

ಮದ್ದೂರಿನ ಖಾಸಗಿ ಶಾಲೆಯೊಂದರಲ್ಲಿ ಮಿಸ್ಬಾ ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ಹಗಲೆಲ್ಲ ಗಂಟಲು ಹರಿಯುವಷ್ಟು ಮಾತು. ಸಂಜೆ ಮನೆಯ ಬೀಗ ತೆಗೆದರೆ ಮಾತಾಡಲು ನರಪಿಳ್ಳೆಯಿಲ್ಲ. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಅಬ್ಬಾ, ಮೆಕ್ಯಾನಿಕ್ ಅಫ್ಸರ್ ಪಾಷಾ, ಹೋಗಿ ಎರಡು ವರ್ಷ. ಭಾನುವಾರ ಅವಳು ಸುಮ್ಮಸುಮ್ಮನೆ ಬೆಸಗರಹಳ್ಳಿ ಬಸ್ಸು ಹತ್ತಿ, ಕೆಳಗಿಳಿಯದೆ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಯಾಕೆ ಅಂತೀರಿ? ಪಕ್ಕದಲ್ಲಿ ಕೂತವರು ‘ಯಾವೂರಮ್ಮ ನಿಂದು’ ಎಂದು ಕೇಳಲಿ ಅಂತ, ಅಷ್ಟೆ.

ಅಂಥವಳಿಗೆ ಪರದೇಶದ ಎರಡು ಕೆಲಸ ಒಟ್ಟಿಗೇ ಬಂದವು. ಒಂದು ಗಲ್ಫಿನ ಖಾಸಗಿ ಶಾಲೆ. ಒಂದೇ ಮನೆಯಲ್ಲಿ ನಾಲ್ವರು ಟೀಚರುಗಳು, ಅವರಲ್ಲೊಬ್ಬಳು ಬಿ.ಎಡ್.ನಲ್ಲಿ ಜೊತೆಗೆ ಓದಿದ ಮಳವಳ್ಳಿಯ ವೀಣ. ‘ಕಿಟಕಿ ಪಕ್ಕದ ಮಂಚ ನಿಂಗೇ ಇಟ್ಟಿದ್ದೀನಿ ಕಣೇ’ ಎಂದು ಆಗಲೇ ವಾಟ್ಸಾಪ್ ಮಾಡಿದ್ದಳು. ಇನ್ನೊಂದು ಮಾಲ್ಡೀವ್ಸಿನ ಸರ್ಕಾರಿ ಶಾಲೆ. ಇಪ್ಪತ್ತು ನಿಮಿಷ ನಡೆದರೆ ಮುಗಿದುಹೋಗುವ ದ್ವೀಪ, ಒಂದು ಕೋಣೆ, ಸುತ್ತ ನೀರು. ನಮ್ಮ ಕಡೆಯವರು ಹುಡುಕಿದರೂ ಸಿಗರು. ಅದರ ಅರ್ಜಿಯ ಕೊನೆಯಲ್ಲಿ ‘ಜೊತೆಗೆ ಬರುವವರು’ ಎಂಬ ಖಾನೆಯಿತ್ತು. ಅಲ್ಲಿಗೆ ಬಂದಾಗಲೆಲ್ಲ ಅವಳ ಪೆನ್ನು ನಿಲ್ಲುತ್ತಿತ್ತು.

“ನಾಕು ಜನ ಇರೋ ಕಡೆ ಓಗು ಕಣವ್ವ” ಎಂದಳು ಶಾಲೆಯ ಆಯಾ ಹೊಂಬಾಳಮ್ಮ. “ಒಬ್ಳೇ ಇದ್ದು ಇದ್ದು ಗ್ವಾಡೆ ಕೂಟೆ ಮಾತಾಡಂಗಾಗಿದ್ದೀಯ.”

ಸುಳ್ಳಲ್ಲ. ಆದರೆ ಗಲ್ಫಿನ ಶಾಲೆಯದೊಂದು ಷರತ್ತಿತ್ತು. ಕರಾರು ಮುಗಿಯುವವರೆಗೆ ಒರಿಜಿನಲ್ ಸರ್ಟಿಫಿಕೇಟುಗಳು ಅವರ ಹತ್ತಿರವೇ ಇರಬೇಕು. ಮಾಲ್ಡೀವ್ಸಿನ ಶಾಲೆಗೆ ಒಮ್ಮೆ ತೋರಿಸಿದರೆ ಸಾಕು.

ಆ ಷರತ್ತು ಮಿಸ್ಬಾಗೆ ಹೊಸದೇನಲ್ಲ. ಮದ್ದೂರಿನ ಶಾಲೆಯವರೂ, ವರ್ಷದ ನಡುವೆ ಬಿಟ್ಟು ಹೋಗದಿರಲಿ ಅಂತ, ಸೇರಿದ ದಿನವೇ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಈಸಿಕೊಂಡು ಬೀರುವಿಗೆ ಹಾಕಿದ್ದರು. ಎಲ್ಲ ಕಡೆ ಇದ್ದದ್ದೇ ಎಂದು ಅವಳೂ ಕೊಟ್ಟಿದ್ದಳು. ಐದು ವರ್ಷದ ಹಿಂದೆ ಸರ್ಕಾರಿ ಟೀಚರ್ ಪಟ್ಟಿಯಲ್ಲಿ ಹೆಸರು ಬಂದು, ಒರಿಜಿನಲ್ ತೋರಿಸಲು ಮಂಡ್ಯಕ್ಕೆ ಕರೆದಾಗ, ‘ಪರೀಕ್ಷೆ ಹತ್ತಿರ ಬಂತು, ಈಗ ಆಗೋದಿಲ್ಲ’ ಎಂದಿತು ಆಡಳಿತ ಮಂಡಳಿ. ದಿನ ದಾಟಿತು, ಕೆಲಸ ಕೈತಪ್ಪಿತು. ಅಬ್ಬಾ ಒಂದು ಮಾತೂ ಆಡಲಿಲ್ಲ. ಮಗಳ ಬಾಳು ಹೀಗಾದರೂ ತನ್ನ ಪಾಡಿಗೆ ಸ್ಪ್ಯಾನರ್ ಹಿಡಿದು ಕೂತಿದ್ದನಲ್ಲ ಎಂಬ ಸಿಟ್ಟು ಅವನನ್ನು ಮಣ್ಣು ಮಾಡಿದ ಮೇಲೂ ಅವಳಲ್ಲಿ ಆರಿರಲಿಲ್ಲ.

ಈಗಲೂ ಅವಳ ಮನಸ್ಸು ಗಲ್ಫಿನ ಕಡೆಗೇ ವಾಲಿತು. ಕಾಗದ ತಾನೇ, ಇಟ್ಟುಕೊಳ್ಳಲಿ. ಮಾತಾಡಲು ಜನ ಸಿಗುತ್ತಾರಲ್ಲ. ಶಾಲೆ ಮುಗಿದ ಏಪ್ರಿಲ್ಲಿನಲ್ಲಿ ರಾಜೀನಾಮೆ ಕೊಟ್ಟು ಒರಿಜಿನಲ್ ಕೇಳಿದಳು. ಗುಮಾಸ್ತ ಶಿವರಾಜು ಬೀರುವಿನಿಂದ ಫೈಲು ತೆಗೆದ. ಮಾರ್ಕ್ಸ್ ಕಾರ್ಡುಗಳ ಮೇಲೆ ಒಂದು ಅರ್ಜಿಯಿತ್ತು. ಸೊಟ್ಟಸೊಟ್ಟ ಕನ್ನಡ, ಅಂಚಿನಲ್ಲಿ ಗ್ರೀಸಿನ ಕಪ್ಪು ಹೆಬ್ಬೆಟ್ಟು.

‘ನನ್ನ ಮಗಳು ಮಂಡ್ಯದಲ್ಲಿ ಕಾಗದ ತೋರಿಸಿ ವಾಪಸು ತರುತ್ತಾಳೆ. ಅಲ್ಲಿವರೆಗೆ ನನ್ನ ಅಂಗಡಿ ಬೀಗದ ಕೈ ನಿಮ್ಮ ಹತ್ತಿರ ಇರಲಿ.’

“ನಿಮ್ಮಪ್ಪಾರು ಕೊಟ್ಟಿದ್ದು ಕಣಮ್ಮ” ಎಂದ ಶಿವರಾಜು. “ನೀವು ಕ್ಲಾಸಲ್ಲಿರುವಾಗ ಮೂರು ದಿವ್ಸ ಬಂದ್ರು. ಬೀಗದ ಕೈಯ ಮೇಜಿನ ಮ್ಯಾಲೆ ಮಡಗುದ್ರು. ಆಡಳಿತ ಮಂಡ್ಳಿಯೋರು ತಿರುಗೂ ನೋಡ್ನಿಲ್ಲ. ಮಗಳಿಗೆ ಏಳ್ಬ್ಯಾಡಿ, ನೊಂದ್ಕತಾಳೆ ಅಂದ್ರು ನಿಮ್ಮಪ್ಪಾರು.”

ಮಿಸ್ಬಾ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಆಮೇಲಿನ ಮೂರು ವರ್ಷ ಒಂದೇ ಮನೆಯಲ್ಲಿ, ಅಬ್ಬಾ ಎದುರಿಗೇ ಕೂತಿದ್ದ. ಅವಳು ಮುಖ ತಿರುಗಿಸಿಕೊಂಡು ಉಂಡಿದ್ದಳು. ಒಬ್ಬಳೇ ಆಗಿದ್ದು ಅವನು ಸತ್ತ ಮೇಲಲ್ಲ, ಆಗಲೇ ಎಂದು ಈಗ ತಿಳಿಯಿತು. ಈಗ ತಿಳಿದು ಯಾರಿಗೆ ಹೇಳುವುದು?

ಮನೆಗೆ ಬಂದು ವೀಣಳಿಗೆ ಬರೆದಳು: ‘ಆ ಮಂಚ ಬೇರೆಯವರಿಗೆ ಕೊಟ್ಬಿಡು ಕಣೇ. ನನ್ನ ಕಾಗದ ಇನ್ನು ಯಾರ ಬೀರುವಿಗೂ ಕೊಡಲ್ಲ.’

ಆಮೇಲೆ ದ್ವೀಪದ ಅರ್ಜಿ ತೆಗೆದು, ‘ಜೊತೆಗೆ ಬರುವವರು’ ಎಂಬ ಖಾನೆಯಲ್ಲಿ ‘ಯಾರೂ ಇಲ್ಲ’ ಎಂದು ಬರೆದು ಸಹಿ ಹಾಕಿದಳು. ಅಬ್ಬಾನ ಅರ್ಜಿಯನ್ನು ಒರಿಜಿನಲ್ಲುಗಳ ಮೇಲಿಟ್ಟು ಫೈಲಿನ ದಾರ ಕಟ್ಟಿದಳು.